ದೋಣಿಯಮ್ಮನ ಮೇಲೆ ಒದ್ದೆ ಚಡ್ಡಿ

ಬುನ್‌ಲಾಯ್‌ಗೆ ಅಷ್ಟು ಸುಲಭಕ್ಕೆ ಹೇಸಿಗೆಯಾಗುವುದಿಲ್ಲ. ಹುಡುಗನಾಗಿದ್ದಾಗಿನಿಂದ ನಾಮ್ ಊ ನದಿಯಲ್ಲಿ ದೋಣಿ ಬಿಡುವವನು. ಹಂದಿ, ಕೋಳಿ, ಕೊಳೆತ ಮೀನು, ಮದುವೆ ಮನೆಯಲ್ಲಿ ಕುಡಿದು ಬಿದ್ದ ನೆಂಟರು, ಎಲ್ಲವನ್ನೂ ಮೂಗು ಮುರಿಯದೆ ಸಾಗಿಸಿದ್ದಾನೆ. ಆದರೆ ಅವತ್ತು ಬೆಳಿಗ್ಗೆ, ಬೆನ್ನ ಮೇಲೆ ಗೋಣಿಯಂಥ ಚೀಲ ಹೊತ್ತ ಆ ಪರಂಗಿ ಹುಡುಗ ಮೆಟ್ಟಿಲಿಳಿದು ಬಂದಾಗ ಅವನೂ ಮುಖ ಪಕ್ಕಕ್ಕೆ ತಿರುಗಿಸಿದ. ಮೈಮೇಲೆ ಅಂಗಿಯಿಲ್ಲ. ನೀರು ಕಂಡು ಎಷ್ಟು ದಿನವಾಗಿತ್ತೋ, ಗಾಳಿ ಬೀಸಿದಾಗಲೆಲ್ಲ ಹುಳಿ ನಾತ.

"ಇವತ್ತು ಮೊಮ್ಮಗಳನ್ನ ಕರ್ಕೊಂಡು ಬರೋ ದಿನ ಅಂದಿದ್ಯಲ್ಲೋ! ಈ ಗಬ್ಬನ್ನ ಯಾಕೋ ಹತ್ತಿಸ್ಕೋತೀಯ?" ಎಂದು ದಡದಲ್ಲಿ ನೂಡಲ್ಸ್ ಮಾರುತ್ತಿದ್ದ ಅವನ ಅಕ್ಕ ಪೇಂಗ್ ಕೂಗಿದಳು.

"ಹೋಗೋವಾಗ ಖಾಲಿ ದೋಣಿನೇ ಅಲ್ವೇನಕ್ಕಾ? ಇವನಿಗೆ ಗುಹೆ ತೋರ್ಸಿ, ಹಾಗೇ ಮಗಳನ್ನ ಹತ್ತಿಸ್ಕೊಂಡು ಬಂದ್ಬಿಡ್ತೀನಿ."

"ಆಸೆಬುರುಕ! ಅನುಭವಿಸ್ತೀಯ, ನೋಡ್ತಾ ಇರು."

ಮಗಳು ಮಲೈವನ್ ನದಿಯ ಮೇಲ್ಗಡೆಯ ಹಳ್ಳಿಯ ಅತ್ತೆಮನೆಯಲ್ಲಿ ಬೆಂಕಿಯ ಪಕ್ಕ ಬಾಣಂತನ ಮುಗಿಸಿ, ಕೂಸನ್ನು ಮೊದಲ ಸಲ ತವರಿಗೆ ತರುವವಳಿದ್ದಳು. ಅದಕ್ಕೆಂದೇ ಬುನ್‌ಲಾಯ್ ಹಿಂದಿನ ದಿನ ದೋಣಿಯನ್ನು ತಿಕ್ಕಿ ತೊಳೆದಿದ್ದ. ಮಗಳು ಮದುವೆಗೆ ಮುಂಚೆ ನೇಯ್ದ ಕೆಂಪು ವಸ್ತ್ರವನ್ನು ದೋಣಿಯ ಮೂತಿಗೆ ಸುತ್ತಿ, ಚೆಂಡುಹೂ ಮುಡಿಸಿದ್ದ. ಮೂತಿಯಲ್ಲಿ ದೋಣಿಯಮ್ಮ ಇರುತ್ತಾಳೆ. ಅವಳಿಗೆ ಕಾಲು ಸೋಕಿಸುವಂತಿಲ್ಲ, ದಾಟುವಂತಿಲ್ಲ. ಅವಳು ಮುನಿದ ದೋಣಿಯಲ್ಲಿ ಎಳೆಗೂಸನ್ನು ಹತ್ತಿಸುವ ತಾಯಿ ಆ ನದಿಯುದ್ದಕ್ಕೂ ಒಬ್ಬಳೂ ಇಲ್ಲ.

ಆ ಹುಡುಗ ಕೆಸರು ಮೆತ್ತಿದ ಚಪ್ಪಲಿಯಲ್ಲಿ ನೇರವಾಗಿ ಮೂತಿಯ ಮೇಲೆ ಜಿಗಿದ.

ಬುನ್‌ಲಾಯ್ ಕೈಯೆತ್ತಿ ತಡೆಯಹೋದ. "ಬೊ ಪೆನ್ ಯಾಂಗ್!" ಎಂದು ಹುಡುಗ ಹಲ್ಲು ಕಿರಿದ. ಪರವಾಗಿಲ್ಲ ಎಂಬರ್ಥದ ಆ ಒಂದು ಮಾತನ್ನು ಎಲ್ಲೋ ಕಲಿತು ಬಂದಿದ್ದ. ಅಯ್ಯೋ ಶನಿಯೇ, ಅದು ತುಳಿಸಿಕೊಂಡವರು ಹೇಳುವ ಮಾತು, ತುಳಿದವನು ಹೇಳುವುದಲ್ಲ! ಆದರೆ ಗಿರಾಕಿಯ ಮುಂದೆ ನಕ್ಕು ನಕ್ಕು ರೂಢಿಯಾಗಿದ್ದ ಬುನ್‌ಲಾಯ್ ತಾನೂ ನಕ್ಕು, "ಬೊ ಪೆನ್ ಯಾಂಗ್" ಎಂದುಬಿಟ್ಟ.

ಅಲ್ಲಿಂದ ಶುರುವಾಯಿತು. ಊಟಕ್ಕೆ ಕೂತಾಗ ಹುಳಿ ಹಿಡಿಸಿದ ಮೀನಿನ ಸಾರು ಕಂಡು ಹುಡುಗ ಮೂಗು ಹಿಡಿದು ವಾಂತಿ ಮಾಡುವಂತೆ ನಟಿಸಿದ. ಆಮೇಲೆ ಅದೇ ಮಹಾಶಯ ಅಂಟನ್ನದ ಬುಟ್ಟಿಯ ಪಕ್ಕ ಕಾಲು ಚಾಚಿ ಉಗುರು ಕತ್ತರಿಸತೊಡಗಿದ. ಒಂದು ಚೂರು ಟಕ್ಕನೆ ಹಾರಿ ಅನ್ನದೊಳಗೆ ಬಿತ್ತು. ಥೂ! ಬುನ್‌ಲಾಯ್ ಇಡೀ ಬುಟ್ಟಿಯನ್ನು ಮೀನುಗಳಿಗೆ ಸುರಿದ. ಗುಹೆಯ ಹತ್ತಿರ ಯಾರಿಂದಲೋ ಅಕ್ಕಿ ಸಾರಾಯಿ ಕೊಂಡು ಕುಡಿದ ಹುಡುಗ, ಮಗಳಿಗೆಂದು ಹಾಸಿದ್ದ ಚಾಪೆಯ ಮೇಲೇ ಕಕ್ಕಿದ. ಬುನ್‌ಲಾಯ್ ಉಸಿರು ಬಿಗಿಹಿಡಿದು ಅದನ್ನು ತೊಳೆಯುತ್ತಿದ್ದರೆ, ಅತ್ತ ಹುಡುಗ ನದಿಗೆ ಬಿದ್ದು ಈಜಾಡಿ, ಬೇರೆ ಬಟ್ಟೆ ತೊಟ್ಟು ನಿಂತಿದ್ದ. ಒದ್ದೆ ಚಡ್ಡಿಯನ್ನು ಎಲ್ಲಿ ಒಣಹಾಕಿದ್ದ? ಕೆಂಪು ವಸ್ತ್ರದ ಮೇಲೆ! ಹೂಗಳೆಲ್ಲ ಉದುರಿ, ದೋಣಿಯಮ್ಮನ ಮುಖದ ಮೇಲೆ ಅದರ ನೀರು ತೊಟ್ಟಿಕ್ಕುತ್ತಿತ್ತು.

"ಬೊ ಪೆನ್ ಯಾಂಗ್!"

ಬುನ್‌ಲಾಯ್ ಬಿದಿರಿನ ಗಳದ ತುದಿಯಿಂದ ಚಡ್ಡಿಯನ್ನು ಎತ್ತಿ ದೋಣಿಯ ಮೂಲೆಗೆ ಹಾಕಿದ. ಮೈಯೆಲ್ಲ ಉರಿಯುತ್ತಿತ್ತು. ಆದರೂ ಆ ಹಾಳು ಬಾಯಿ ನಕ್ಕಿತು.

ಹಳ್ಳಿಯ ದಡದಲ್ಲಿ ಮಲೈವನ್ ಕೂಸನ್ನೆತ್ತಿಕೊಂಡು ಕಾಯುತ್ತಿದ್ದಳು. ದೋಣಿ ತಾಗುತ್ತಲೇ ಅವಳ ಕಣ್ಣು ಮೂತಿಯತ್ತ ಹೋಯಿತು. "ಅಪ್ಪಾ, ಹೂವೆಲ್ಲಿ? ವಸ್ತ್ರ ಯಾಕೆ ಒದ್ದೆ?"

ಅವನು ತಡವರಿಸುತ್ತ ಎಲ್ಲ ಹೇಳಿದ. "ಹೋಗ್ಲಿ ಬಿಡವ್ವಾ. ಬೊ ಪೆನ್ ಯಾಂಗ್."

"ಹಾಗನ್ನೋಕೆ ನೀನ್ಯಾರಪ್ಪಾ? ಚಡ್ಡಿ ಹಾಕಿದ್ದು ನಿನ್ನ ಮುಖದ ಮೇಲಾ?" ಅವಳು ಕೂಸನ್ನು ಎದೆಗವಚಿಕೊಂಡು ಹಿಂದೆ ಸರಿದಳು. "ದೋಣಿಯಮ್ಮ ಸಮಾಧಾನ ಆಗೋವರ್ಗೂ ನಾನು ಹತ್ತಲ್ಲ, ಇವಳನ್ನೂ ಹತ್ತಿಸಲ್ಲ."

ಬುನ್‌ಲಾಯ್ ಕೈಜೋಡಿಸಿ, ಮೂತಿಯತ್ತ ತೋರಿಸಿ, ತಪ್ಪು ಕೇಳಿಕೋ ಎಂದು ಹುಡುಗನಿಗೆ ಸನ್ನೆ ಮಾಡಿದ. ಹುಡುಗ ಕೈಜೋಡಿಸಿದ, ಚೀಲಕ್ಕೆ ಆನಿಸಿಟ್ಟ ಮೊಬೈಲಿನ ಕಡೆ ತಿರುಗಿ ತನ್ನದೇ ಫೋಟೋ ತೆಗೆದುಕೊಳ್ಳಲು. ಇನ್ನು ಇವನಿಂದ ಆಗದೆಂದು ಬುನ್‌ಲಾಯ್ ತಾನೇ ಕೆಸರಿನಲ್ಲಿ ಮೊಣಕಾಲೂರಿದ. ಮಗಳು ಮನೆಯಿಂದ ತಂದುಕೊಟ್ಟ ಮೊಟ್ಟೆ, ಹೂವುಗಳನ್ನು ಮೂತಿಯ ಮುಂದಿಟ್ಟ.

"ಅಮ್ಮಾ, ತುಳಿದವ್ನು ಅವನು. ನಕ್ಕವ್ನು ನಾನು. ತಪ್ಪಾಯ್ತು."

ಅಷ್ಟರಲ್ಲಿ ತಲೆಯ ಮೇಲೆ ತಟತಟನೆ ಒಂದು ಕೈ ಬಡಿಯಿತು. ಆ ಪರಂಗಿಯ ಕೈ! ಹೆತ್ತವರನ್ನೂ ಗುರುಗಳನ್ನೂ ಬಿಟ್ಟರೆ ಯಾರೂ ಮುಟ್ಟದ ತಲೆಯನ್ನು ಅವನು ನಾಯಿಮರಿಯ ತಲೆಯಂತೆ ತಟ್ಟುತ್ತಿದ್ದ.

"ಬೊ ಪೆನ್ ಯಾಂಗ್!"

ಬುನ್‌ಲಾಯ್ ಎದ್ದು ನಿಂತ. "ಪೆನ್!" ಎಂದ. 'ಇಲ್ಲ' ಎನ್ನುವ ಆ 'ಬೊ'ವನ್ನು ಕಿತ್ತು ಬಿಸಾಡಿದರೆ ಉಳಿಯುವುದು 'ಪರವಾ ಇದೆ'; ಯಾರೂ ಹಾಗೆ ಮಾತಾಡುವುದಿಲ್ಲ. ಮಲೈವನ್ ಬೆಚ್ಚಿ ನೋಡಿದಳು. "ಪೆನ್! ಪೆನ್!" ಎನ್ನುತ್ತ ಅವನು ದೋಣಿ ಹತ್ತಿ ಆ ದೊಡ್ಡ ಚೀಲವನ್ನು ದಡಕ್ಕೆಸೆದು, ಚಡ್ಡಿಯನ್ನು ಗಳದ ತುದಿಯಿಂದ ಅದರ ಮೇಲೆ ಹಾಕಿದ. ನಾಳೆ ಬೇರೆ ದೋಣಿ ಬರುತ್ತದೆ, ಕಾಯಲಿ.

ಮಲೈವನ್ ದೋಣಿಯ ಪಕ್ಕಕ್ಕೆ ಬಂದು ಕೂಸನ್ನು ಅವನತ್ತ ಚಾಚಿದಳು. ಬುನ್‌ಲಾಯ್ "ತಡಿಯವ್ವಾ" ಎಂದು ನೀರಿಗೆ ಬಾಗಿ, ಮರಳು ಹಚ್ಚಿ ಕೈ ಉಜ್ಜಿಕೊಂಡ. ಆಮೇಲೆ ದಿನವಿಡೀ ನಕ್ಕ ಆ ಬಾಯನ್ನೂ ತಿಕ್ಕಿ ತಿಕ್ಕಿ ತೊಳೆದು, ಮೊಮ್ಮಗಳನ್ನು ಎತ್ತಿಕೊಂಡ.