ಹೆಬ್ಬೆಟ್ಟು ಒತ್ತದ ಆಂಜಿನಮ್ಮ

ಬೆಳಗಿನ ಆರು ಗಂಟೆ. ಶಿಡ್ಲಘಟ್ಟದ ಹಿಂದಿನ ಬೀದಿಯೊಂದರ ರೇಷ್ಮೆ ಬಿಚ್ಚುವ ಮನೆಯಲ್ಲಿ ಆಂಜಿನಮ್ಮ ಸುಡುನೀರಿನ ತೊಟ್ಟಿಗೆ ಕೈ ಹಾಕುತ್ತಾರೆ. ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ ರಾಟೆಗೆ ಕೊಡುತ್ತಾರೆ. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿವೆ. ಎಡಭುಜದಿಂದ ಮೊಣಕೈವರೆಗೆ ಸುಟ್ಟ ಕಲೆ. ಸಂಜೆಯೊಳಗೆ ಹತ್ತು ಹನ್ನೆರಡು ಕಿಲೋ ಗೂಡು ಬಿಚ್ಚಬೇಕು. ಮದುವೆ ಮನೆಯಲ್ಲಿ ಸೀರೆಯ ಸೆರಗು ಸವರಿ ಮೆಚ್ಚುವ ಯಾರಿಗೂ ಈ ಕೈ ನೆನಪಾಗುವುದಿಲ್ಲ.

ಜಂಗಮಕೋಟೆ ಕಡೆಯ ಆಂಜಿನಮ್ಮನಿಗೆ ಈಗ ನಲವತ್ತಾರು. ಹೆಸರು ತಾತ ಇಟ್ಟಿದ್ದು. ಅಪ್ಪ ಯೇಸುವನ್ನು ನಂಬಿದ ಮೇಲೂ ಹೆಸರು ಹಾಗೇ ಉಳಿಯಿತು.

2003ರಲ್ಲಿ ಅವರು ದುಡಿಯುತ್ತಿದ್ದುದು ಇದೇ ಊರಿನ ಇನ್ನೊಂದು ರೇಷ್ಮೆ ಬಿಚ್ಚುವ ಮನೆಯಲ್ಲಿ. ಅಲ್ಲಿನ ಬಾಯ್ಲರ್ ತಿಂಗಳಿಂದ ಹಬೆ ಕಾರುತ್ತಿತ್ತು. "ಮೂರು ಸಲ ಹೇಳಿದ್ವಿ. ಇಷ್ಟ ಇಲ್ದಿದ್ರೆ ಮನೆಗೆ ಹೋಗ್ರಿ ಅಂದ್ರು ಮಾಲೀಕ್ರು" ಎನ್ನುತ್ತಾರೆ. ಒಂದು ಬುಧವಾರ ಅದು ಸಿಡಿಯಿತು. ಪಕ್ಕದಲ್ಲೇ ಕೂತಿದ್ದ ಗೆಳತಿ ರಾಮಲಕ್ಷ್ಮಮ್ಮ ಅಲ್ಲೇ ಸತ್ತರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು.

ಮೂರನೇ ದಿನ, ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದ ಆಂಜಿನಮ್ಮನ ಮಂಚದ ಬಳಿಗೆ ಮಾಲೀಕ ಕಾಗದ ಹಿಡಿದು ಬಂದ. ರಾಮಲಕ್ಷ್ಮಮ್ಮ ತನ್ನ ಕೆಲಸದವಳೇ ಅಲ್ಲ, ಬಿಸಿನೀರು ಕೇಳಲು ಬಂದಿದ್ದವಳು ಎಂದು ಅದರಲ್ಲಿ ಬರೆದಿತ್ತು. ಹೆಬ್ಬೆಟ್ಟು ಒತ್ತಿದರೆ ಆಸ್ಪತ್ರೆಯ ಖರ್ಚು ತನ್ನದು ಎಂದ. ಹನ್ನೊಂದು ವರ್ಷ ದುಡಿದವಳು ಒಂದೇ ಸಾಲಿನಲ್ಲಿ ದಾರಿಹೋಕಳಾಗಿದ್ದಳು.

"ಕಣ್ಮುಚ್ಚಿದೆ. ಪ್ರಾರ್ಥನೆ ಅಲ್ಲ ಸ್ವಾಮಿ, ದೇವ್ರ ಜೊತೆ ಜಗಳ" ಎನ್ನುತ್ತಾರೆ ಆಂಜಿನಮ್ಮ. "ನಿನ್ ಮಗನ್ನ ಸುಳ್ಳು ಸಾಕ್ಷಿ ಹೇಳ್ಸಿ ಕೊಂದ್ರಲ್ಲಪ್ಪ. ಈಗ ನಂಗೂ ಸುಳ್ಳು ಸಾಕ್ಷಿ ಹೇಳು ಅಂತಾವ್ರೆ. ಹೇಳ್ಲಾ? ಅಂತ ಕೇಳ್ದೆ. ನನ್ ಮುಷ್ಟಿ ಬಿಚ್ಲಿಲ್ಲ, ಹೆಬ್ಬೆಟ್ಟು ಒತ್ಲಿಲ್ಲ."

ರಾಮಲಕ್ಷ್ಮಮ್ಮನ ಮಕ್ಕಳ ಪರಿಹಾರದ ಮೊಕದ್ದಮೆಯಲ್ಲಿ ಆಂಜಿನಮ್ಮ ಸಾಕ್ಷಿಯಾದರು. ಅದಾದ ಮೇಲೆ ಊರಿನ ಯಾವ ಮಾಲೀಕನೂ ಅವರಿಗೆ ಒಂದೂವರೆ ವರ್ಷ ಕೆಲಸ ಕೊಡಲಿಲ್ಲ. ಗಾಯ ಆರದ ಕೈಯಲ್ಲಿ ಹಿಪ್ಪುನೇರಳೆ ತೋಟಗಳ ಕಳೆ ಕಿತ್ತರು. ಅವರು ಹೋಗುವ ಚರ್ಚಿನ ಪಾಸ್ಟರ್ ಮನೆಗೆ ಬಂದು, "ಕ್ಷಮಿಸಿಬಿಡಮ್ಮ, ಮಿಕ್ಕಿದ್ದು ದೇವರು ನೋಡ್ಕೋತಾನೆ" ಎಂದರು. ಆಂಜಿನಮ್ಮ ಅವರನ್ನೂ ಬಿಡಲಿಲ್ಲ. "ಗುಡಿಯೊಳಗೆ ವ್ಯಾಪಾರ ಮಾಡೋರ ಮೇಜು ಯೇಸಪ್ಪ ಉರುಳಿಸ್ಲಿಲ್ವಾ ಅಯ್ಯನೋರೇ? ನಾನು ಕ್ಷಮಿಸ್ತೀನಿ. ಮೊದ್ಲು ಅವ್ರು ಬಂದು ತಪ್ಪಾಯ್ತು ಅನ್ಲಿ." ಮುಂದಿನ ವಿಚಾರಣೆಗೆ ಪಾಸ್ಟರೇ ಜೊತೆಯಲ್ಲಿ ಬಸ್ಸು ಹತ್ತಿದರು.

ಹದಿನೇಳು ಸಲ ಚಿಕ್ಕಬಳ್ಳಾಪುರಕ್ಕೆ ಅಲೆದರು. ಮಾಲೀಕನ ವಕೀಲರು ನಗುತ್ತಾ ಕೇಳಿದ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ: "ಅವ್ಳು ನನ್ ಎಡಗಡೆ ತೊಟ್ಟೀಲಿ ಕೆಲ್ಸ ಮಾಡ್ತಿದ್ಲು." ಕಳೆದ ವರ್ಷ ಆದೇಶ ಬಂತು. ರಾಮಲಕ್ಷ್ಮಮ್ಮ ಅಲ್ಲಿನ ಕಾರ್ಮಿಕಳೇ ಎಂದು ತೀರ್ಮಾನವಾಯಿತು, ಮಕ್ಕಳಿಗೆ ಪರಿಹಾರ ಸಿಕ್ಕಿತು. ಓದಲು ಬಾರದ ಆಂಜಿನಮ್ಮ ಆ ಸಾಲನ್ನು ಮೂರು ಸಲ ಓದಿಸಿ ಕೇಳಿದರು. ಮಾಲೀಕನೋ ಹೊಸ ಬೋರ್ಡು ಹಾಕಿ, ಹೊಸ ಹೆಂಗಸರನ್ನು ಕೂರಿಸಿಕೊಂಡು ಅದೇ ವ್ಯಾಪಾರ ನಡೆಸುತ್ತಿದ್ದಾನೆ.

"ನಂಗೆ ಸನ್ಮಾನ ಗಿನ್ಮಾನ ಬ್ಯಾಡ" ಎನ್ನುತ್ತಾರೆ ಅವರು, ತೊಟ್ಟಿಯಿಂದ ಕಣ್ಣೆತ್ತದೆ. "ವರ್ಷಕ್ಕೊಂದು ಸಲ ಯಾರಾನ ಬಂದು ಬಾಯ್ಲರ್ ನೋಡ್ಲಿ. ಅವ್ಳು ಸತ್ತಾಗ ಪೊಲೀಸ್ರು, ಸಾಹೇಬ್ರು ಎಲ್ರೂ ಬಂದ್ರು. ನಾವು ಬದುಕಿರೋವಾಗ ಬರ್ಲಿ."