ನಾನು ಹಚ್ಚದ ವಶೀಲಿ

ಹೆಡ್‌ಮಾಸ್ತರರ ಸ್ಕೂಟರು ಒಂದು ಸಂಜೆ ನಮ್ಮ ಮನೆಯ ಮುಂದೆ ನಿಂತದ್ದೇ ಇಷ್ಟಕ್ಕೆಲ್ಲ ಕಾರಣ.

ಚುರುಕು ಮಕ್ಕಳಿಗೆಂದು ಸರಕಾರ ನಡೆಸುವ ಶಾಲೆಯೊಂದು ನಮ್ಮ ಕಡೆ ಇದೆ. ಐದನೆಯ ಇಯತ್ತೆ ಮುಗಿಸಿದವರು ಪರೀಕ್ಷೆ ಬರೆದು ಸೇರಬೇಕು. ಅಲ್ಲಿಯ ಹೆಡ್‌ಮಾಸ್ತರರು ತಮ್ಮ ಸ್ವಾಗತ ಭಾಷಣದ ಇಂಗ್ಲಿಷು ತಿದ್ದಿಸಿಕೊಳ್ಳಲು ಬಂದಿದ್ದರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಫೂಟುಪಟ್ಟಿಯಿಂದ ಬೆರಳ ಗಂಟಿಗೆ ಹೊಡೆದು ಕಲಿಸಿದ ಗ್ರಾಮರ್ ಈ ವಯಸ್ಸಿನಲ್ಲೂ ಯಾರಿಗೋ ಬೇಕಾಯಿತಲ್ಲ ಎಂದು ಹಿಗ್ಗಿ, ಚಹಾದ ಜೊತೆ ಚೂಡಾ ಕೊಟ್ಟು, ನಾಲ್ಕು ಕಾಮಾ ಹಾಕಿ, ಮೂರು ‘ಎಸ್ಟೀಮ್ಡ್’ ಹೊಡೆದುಹಾಕಿ ಕಳಿಸಿದೆ. ದಟ್ಸ್ ಆಲ್.

ಎದುರಿನ ಕಿರಾಣಿ ಅಂಗಡಿಯ ಸಾವ್ಕಾರರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಸ್ಕೂಟರನ್ನೇ ನೋಡುತ್ತಿದ್ದರು. ನಾನು ಅದನ್ನು ಆಗ ಗಮನಿಸಲಿಲ್ಲ.

ಸ್ವಲ್ಪ ದಿನಕ್ಕೆ ರಿಸಲ್ಟ್ ಬಂತು. ಯಾರಿಗೆ ಎಷ್ಟು ಅಂಕ ಎಂಬುದಿಲ್ಲ, ಆಯ್ಕೆಯಾದ ಮಕ್ಕಳ ನಂಬರಷ್ಟೇ. ನಮ್ಮ ಓಣಿಯಲ್ಲಿ ಸೀಟು ಸಿಕ್ಕದ್ದು ಒಬ್ಬಳಿಗೆ: ನಮಗೆ ಹಾಲು ಹಾಕುವವಳ ಮಗಳಿಗೆ. ನಿಪ್ಪಾಣಿಯ ಕೋಚಿಂಗಿಗೆ ಹೋಗಿ ಬರುತ್ತಿದ್ದ ಸಾವ್ಕಾರರ ಮೊಮ್ಮಗನಿಗೆ ಸಿಗಲಿಲ್ಲ.

ಮರುದಿನ ಹಾಲಿನವಳು ಕ್ಯಾನಿನ ಜೊತೆ ಒಂದು ಬುಟ್ಟಿ ದ್ರಾಕ್ಷಿ ತಂದಳು. ಅಥಣಿ ಕಡೆಯ ತವರಿನ ತೋಟದ್ದು. ಇಟ್ಟವಳೇ ಕಾಲಿಗೆ ಬಿದ್ದಳು.

“ಅಮ್ಮಾರ, ನಿಮ್ಮ ಉಪಕಾರ ಸಾಯೂತನಾ ಮರಿಯಂಗಿಲ್ಲರಿ.”

“ನಾ ಏನ್ ಮಾಡೀನಿ?”

“ಹೇಳಬ್ಯಾಡ್ರಿ. ಯಾರ ಮುಂದೂ ಬಾಯಿ ಬಿಡೂದಿಲ್ಲ ನಾ,” ಎಂದು ಕಣ್ಣು ಮಿಟುಕಿಸಿದಳು.

ಇಡೀ ಓಣಿಗೆ ಅದಾಗಲೇ ಗೊತ್ತಿತ್ತು. ಬಾಗಿಲಲ್ಲಿ ನಿಂತರೆ ಸಾವ್ಕಾರರು ಅಂಗಡಿಯಿಂದಲೇ ಕೂಗಿದರು.

“ಏನ್ ವೈನಿ, ಹಾಲಿನಾಕೀಗಿ ಹಚ್ಚಿದ ವಶೀಲಿ ನಮಗೂ ಸ್ವಲ್ಪ ಹಚ್ಚಬಾರದಾಗಿತ್ತು? ಐವತ್ತು ವರ್ಷದ ಶೇಜಾರ ನಮ್ದು, ಎದುರಾ ಬದುರಾ ಇದ್ದವ್ರು!”

“ಭಾವುಜೀ, ಐ ಸ್ವೇರ್, ನಾ ಒಂದ ಮಾತೂ ಆಡಿಲ್ಲ.”

“ನೋಡ್ರೆಪಾ, ಹಿಂಗ ಇಂಗ್ಲಿಷ್‌ನ್ಯಾಗ ಆಡಿದ್ರ ಯಾವ ಹೆಡ್‌ಮಾಸ್ತರ ಇಲ್ಲ ಅಂತಾನ?” ಎಂದು ಅವರು ಗಿರಾಕಿಗಳ ಕಡೆ ತಿರುಗಿದರು.

ಅಲ್ಲಗಳೆದಷ್ಟೂ ನನ್ನ ಕಿಮ್ಮತ್ತು ಏರಿತು. ರಾಯಬಾಗದ ಕಡೆಯಿಂದ ಒಬ್ಬರು ಬೆಲ್ಲದ ಪೆಂಟೆಯೊಂದಿಗೆ ಬಂದು ಮುಂದಿನ ವರ್ಷದ ಸೀಟಿಗೆ ಈಗಲೇ ‘ಬುಕಿಂಗ್’ ಕೇಳಿದರು. ಕಾಗವಾಡದಿಂದ ಮಂಗಸೂಳಿ ದೇವರ ಭಂಡಾರ ಹಣೆಗೆ ಹಚ್ಚಿಕೊಂಡೇ ಬಂದ ದಂಪತಿ ಮಗುವನ್ನು ನನ್ನ ತೊಡೆಯ ಮೇಲೆ ಕೂಡಿಸಿದರು. ಅದಕ್ಕಿನ್ನೂ ಹಲ್ಲು ಬಂದಿರಲಿಲ್ಲ. ಮೈ ಗಾಡ್, ನನಗೆ ಮದುವೆಯಲ್ಲೂ ಇಷ್ಟು ಉಡುಗೊರೆ ಬಂದಿರಲಿಲ್ಲ. ಎಲ್ಲವನ್ನೂ ವಾಪಸು ಕಳಿಸಿದೆ. ದ್ರಾಕ್ಷಿಯನ್ನು ಮಾತ್ರ ಅಷ್ಟರಲ್ಲಿ ತಿಂದುಬಿಟ್ಟಿದ್ದೆ.

ಆಮೇಲೆ ಹಾಲಿನವಳ ಮಗಳೇ ಬಂದಳು. ಎರಡು ಜಡೆ, ಬಿಗಿದ ಮುಖ. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತಳು.

“ಆಯಿ, ಪರೀಕ್ಷಾ ಬರದಾಕಿ ಯಾರರಿ?”

“ನೀನ ಬೇ.”

“ಹಂಗಾರ ಎಲ್ಲಾರೂ ನಿಮ್ಮ ಹೆಸರ ಯಾಕ ಹೇಳಾಕತ್ತಾರ? ನಮ್ಮವ್ವನೂ ನಿಮ್ಮ ಕಾಲ ಹಿಡೀತಾಳ. ಎಮ್ಮಿ ಮುಂದ ಕುಂತ ಮಗ್ಗಿ ಬಾಯಿಪಾಠ ಮಾಡಿದಾಕಿ ನಾ! ಎಲ್ಲಾರಿಗೂ ನಾನ ಬರದೀನಿ ಅಂತ ಗೊತ್ತಾಗೂತನಾ ನಾ ಆ ಸಾಲಿಗೆ ಹೋಗಂಗಿಲ್ಲರಿ.”

ಹೇಳಿ ಹೊರಟೇ ಹೋದಳು. ಶಾಲೆ ಶುರುವಾಗಲು ಒಂದು ವಾರವಷ್ಟೇ ಉಳಿದಿತ್ತು.

ನಾನೇ ಹೆಡ್‌ಮಾಸ್ತರರ ಹತ್ತಿರ ಹೋದೆ. ಅದೂ ಬುರ್ಖಾ ಹಾಕಿಕೊಂಡಂತೆ ಸೆರಗು ಹೊದ್ದು, ಹಿಂದಿನ ಗೇಟಿನಿಂದ. ಎಲ್ಲರ ಅಂಕ ಹಚ್ಚಿರಿ ಎಂದೆ.

“ಹಚ್ಚಾಕ ಅಡ್ಡಿ ಇಲ್ಲ ಮೇಡಂ, ಮ್ಯಾಲಿನವ್ರೂ ಹಚ್ಚಬಹುದು ಅಂದಾರ. ಆದ್ರ ನಮ್ಮ ಬೋರ್ಡ್ ನೋಡಾಕ ಒಳಗ ಯಾರ ಬರ್ತಾರ್ರಿ? ಬಂದವ್ರೂ ನಂಬೂದಿಲ್ಲ.”

ಆಗ ನನಗೆ ಹಾಲಿನ ಡೈರಿ ನೆನಪಾಯಿತು. ಬೆಳಗಾದರೆ ಅರ್ಧ ಊರು ಅಲ್ಲಿ ಸಾಲು ನಿಲ್ಲುತ್ತದೆ. ಯಾರ ಹಾಲೇ ಇರಲಿ, ಎಲ್ಲರ ಕಣ್ಣೆದುರು ಮಷೀನಿಗೆ ಹೋಗುತ್ತದೆ, ಫ್ಯಾಟ್ ಎಷ್ಟೆಂದು ಕೆಂಪು ಅಂಕಿಯಲ್ಲಿ ಮೂಡುತ್ತದೆ. ಡೈರಿ ಅಧ್ಯಕ್ಷರ ಎಮ್ಮೆಗೆ ಕಡಿಮೆ ಬಂದರೂ ಕಡಿಮೆಯೇ. ಅಲ್ಲಿ ವಶೀಲಿಯ ಮಾತು ಎತ್ತಿದವರನ್ನು ನಾನು ಕಂಡಿಲ್ಲ.

ಮರುದಿನ ನಾನು ಹೇಳಿದಂತೆ ಹೆಡ್‌ಮಾಸ್ತರರು ಫ್ಯಾಟ್ ಮಷೀನಿನ ಪಕ್ಕದ ಗೋಡೆಗೆ ಎಲ್ಲರ ಅಂಕಗಳನ್ನು ಹೆಸರು ಸಮೇತ ಹಚ್ಚಿದರು. ಕ್ಯಾನು ಕೆಳಗಿಟ್ಟು ಎಲ್ಲರೂ ಮುಗಿಬಿದ್ದರು.

“ನಿಮ್ಮ ಹುಡುಗಂದ ಎಷ್ಟ ಬಂದೈತೋ ಫ್ಯಾಟ್?”

“ಹೋಗಲೇ, ನಿಂದರ ಎಲ್ಲೈತಿ ನೋಡು, ತಳದಾಗ!”

ಎಲ್ಲಕ್ಕಿಂತ ಮೇಲೆ ಹಾಲಿನವಳ ಮಗಳ ಹೆಸರಿತ್ತು. ಸಾವ್ಕಾರರು ಚಷ್ಮಾ ಒರೆಸಿ ಎರಡು ಸಲ ಓದಿದರು. ಹುಡುಗಿ ಅಲ್ಲೇ ಅವ್ವನ ಪಕ್ಕ ನಿಂತಿದ್ದಳು.

“ಕಾಗದದ ಮ್ಯಾಲ ಏನ್ ಬೇಕಾದ್ದ ಬರೀತಾರ,” ಎಂದರು ಸಾವ್ಕಾರರು.

“ಹಂಗಾರ ನೀವ ಲೆಕ್ಕಾ ಕೇಳ್ರಿ, ಕಾಕಾ.”

ಅವರು ಕೇಳಿದರು. ಕಿರಾಣಿ ಲೆಕ್ಕ, ಮುಕ್ಕಾಲು, ಅರೆಪಾವು, ಸೂಟು ಎಂದರೆ ರಿಯಾಯಿತಿ, ಎಲ್ಲ ಬೆರೆಸಿದ್ದು. ಅವರು ಮೊಬೈಲಿನಲ್ಲಿ ಕ್ಯಾಲ್ಕ್ಯುಲೇಟರ್ ಹುಡುಕುವಷ್ಟರಲ್ಲಿ ಉತ್ತರ ಬಂತು. ಇನ್ನೊಂದು ಕೇಳಿದರು. ಅದಕ್ಕೂ ಬಂತು. ಮೂರನೆಯದಕ್ಕೆ ಅವರ ಲೆಕ್ಕವೇ ತಪ್ಪಿತ್ತು. ಅದನ್ನೂ ಅವಳೇ ತಿದ್ದಿದಳು.

ಸಾವ್ಕಾರರು ಮೊಬೈಲು ಕಿಸೆಗೆ ಹಾಕಿಕೊಂಡರು.

“ಹಾಲು ಗಟ್ಟಿ ಐತಿ ಬಿಡ್ರಿ. ಹನಿ ನೀರ ಕೂಡಿಲ್ಲ,” ಎಂದರು.

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳ ಅವ್ವ ಮಾತ್ರ ನಗಲಿಲ್ಲ. ಇವಳು ಯಾರ ಮಗಳೋ ಎಂಬಂತೆ ನೋಡುತ್ತ ನಿಂತಳು.

ಅಂದಿನಿಂದ ನನ್ನ ಬಾಗಿಲಿಗೆ ಬೆಲ್ಲವಿಲ್ಲ, ದ್ರಾಕ್ಷಿಯಿಲ್ಲ. ರಾಯಬಾಗದವರು ಬಸ್‌ಸ್ಟ್ಯಾಂಡಿನಲ್ಲಿ ಕಂಡರೂ ಗುರುತು ಹಿಡಿಯಲಿಲ್ಲ. ಅಷ್ಟು ದಿನ ನಾನು ದೊಡ್ಡ ಮನುಷ್ಯಳಾಗಿದ್ದೆ. ವೆಲ್, ಇಟ್ ವಾಸ್ ನೈಸ್.

ಶಾಲೆಯ ಮೊದಲ ದಿನ ಹುಡುಗಿ ಹೊಸ ಯೂನಿಫಾರ್ಮಿನಲ್ಲಿ ಬಂದಳು. ಈ ಸಲ ಚಪ್ಪಲಿ ಬಿಟ್ಟು ಒಳಗೆ ಬಂದು ನಮಸ್ಕಾರ ಮಾಡಿದಳು.

“ಆಯಿ, ಥ್ಯಾಂಕ್ಯೂರಿ.”

“ಯಾತಕ್ಕ ಬೇ?”

“ನೀವು ನನಗ ಏನೂ ಮಾಡಿಲ್ಲಂತ ಈಗ ಎಲ್ಲಾರಿಗೂ ಗೊತ್ತಾತಲ್ಲರಿ, ಅದಕ್ಕ.”