ಒಲೆಯ ಹತ್ತಿರದ ಗ್ರಾಫ್‌ಶಾಫ್ಟ್

ಕಾಪುವಿನಲ್ಲಿ, ಹಿಂದೆ ಊರಿನ ಅಧಿಕಾರವಿದ್ದ ಬಂಟ ಮನೆತನದ ಗುತ್ತುಮನೆಯ ಚಾವಡಿಯಲ್ಲಿ, ಯಜಮಾನರಲ್ಲದೆ ಬೇರಾರೂ ಕೂರಬಾರದ ಪೀಠದ ಮೇಲೆ ನನ್ನ ಜರ್ಮನ್ ಗೆಳೆಯ ಹಾನ್ಸ್ ಕುಳಿತೇಬಿಟ್ಟ. ನಾನು ಅವನನ್ನು ಎಬ್ಬಿಸಲು ಮುಂದಾದೆ. ಯಜಮಾನ ಶೆಟ್ಟರು ಮಾತ್ರ ನಿಂತುಕೊಂಡೇ ಅವನ ಮನೆತನ ವಿಚಾರಿಸಿದರು.

“ತಂದೆಯ ಕಡೆಯ ಹಿರಿಯರು ಗ್ರಾಫ್ ಎಂಬ ಪದವಿಯ ಪ್ರಭುಗಳಂತೆ,” ಎಂದು ಅನುವಾದಿಸಿದೆ. “ಅವರು ಆಳಿದ ಸೀಮೆಗೆ ಗ್ರಾಫ್‌ಶಾಫ್ಟ್ ಎನ್ನುತ್ತಾರೆ. ಮೊದಲು ಅದು ರಾಜ ಕೊಟ್ಟ ಅಧಿಕಾರ, ಆಮೇಲೆ ವಂಶದ ಸೊತ್ತು.”

“ನಮ್ಮ ಗುತ್ತಿನ ಹಾಗೆಯೇ! ಸೋದರಳಿಯನಿಗೆ ಹೋಗುವುದಲ್ವಾ?”

“ಇಲ್ಲ, ಮಗನಿಗೆ.”

“ಮಗನಿಗಾ! ಎಂತ ಮಾರಾಯ್ರೆ! ಇಲ್ಲಿ ತಾಯಿಯ ಮನೆಯೇ ಲೆಕ್ಕ. ಇವರ ತಾಯಿಯ ಮನೆಯವರಿಗೆ ಎಂತ ಕೆಲಸ?”

ಹಾನ್ಸ್ ಬೇಕರಿ ಎಂದ. ಮಿಠಾಯಿ ಅಂಗಡಿ ಎಂದನೋ? ಮರಳುವ ಬಸ್ಸಿನಲ್ಲಿ ಇದನ್ನು ಬರೆಯುವಾಗ ಅನುಮಾನ.

ಶೆಟ್ಟರು ನಗುತ್ತಾ ಅವನ ಕೈಹಿಡಿದು ಎಬ್ಬಿಸಿದರು. “ಹಾಗಾದರೆ ತಾಯಿಯ ಮನೆಯ ಲೆಕ್ಕದಲ್ಲಿ ನಿಮ್ಮ ಗ್ರಾಫ್‌ಶಾಫ್ಟ್ ಒಳಗೆ ಒಲೆಯ ಹತ್ತಿರ ಉಂಟು, ಬನ್ನಿ!”